ಕಾಡಂಚಿನ ಗೋವಾ ಮನೆ: ನಾಯಿ, ಬೆಕ್ಕು, ಕೋಳಿ ಸಾಕಿಕೊಂಡು ಚಿರತೆ, ಹಾವು, ಮಂಗಗಳ ನಡುವೆ ಬಾಳುವುದು ಹೇಗೆ?

ವಾಸ್ಕೊ, ಮಡಗಾಂವ, ಪಣಜಿಯಲ್ಲಿ ವರ್ಷಗಟ್ಟಲೆ ದುಡಿದ ನಮ್ಮವರು ಈಚೆಗೆ ಸತ್ತರಿ, ಸಾಂಗೇ, ಕಾಣಕೋಣದ ಕಡೆ ಹಳೆಯ ಹೆಂಚಿನ ಮನೆ ಹುಡುಕುತ್ತಿದ್ದಾರೆ. ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಹಿಂದೆ ಇಲ್ಲಿಯವರು ಕುಳಾಗರ ಎನ್ನುವ ಅಡಿಕೆ ತೋಟ, ಪಕ್ಕದಲ್ಲಿ ಹಳ್ಳ. ಬಾಡಿಗೆಯೂ ಪೇಟೆಗಿಂತ ಕಡಿಮೆ. ಮನೆ ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆ, "ಇಲ್ಲಿ ಹಾವು ಬರುತ್ತಾ? ಚಿರತೆ ಬರುತ್ತಾ?" ಎರಡೂ ಬರುತ್ತವೆ. ಸತ್ತರಿಯ ಪೂರ್ವಕ್ಕೆ 208 ಚದರ ಕಿಲೋಮೀಟರಿನ ಮಹದಾಯಿ ಅಭಯಾರಣ್ಯವಿದೆ. ನಮಗೆ ನೀರಿನ ಜಗಳದಿಂದಲೇ ಹೆಚ್ಚು ಪರಿಚಯವಾದ ಹೆಸರು. ದಕ್ಷಿಣಕ್ಕೆ ಮೊಲೆಂ, ನೇತ್ರಾವಳಿ, ಕೋಟಿಗಾಂವ. ಎಲ್ಲ ಸೇರಿ ಕರ್ನಾಟಕದ ಗಡಿಯುದ್ದಕ್ಕೂ ಒಂದೇ ಕಾಡು. ಅದರ ಅಂಚಿನಲ್ಲಿ ಮನೆ ಮಾಡಿದ ಮೇಲೆ ಪ್ರಾಣಿ ಬರಬಾರದು ಎಂದರೆ ನಡೆಯುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಬಂದ ಪ್ರಾಣಿ ನಮ್ಮ ಅಂಗಳದಲ್ಲಿ ನಿಲ್ಲಲು ಕಾರಣವೇನು? ಹೆಚ್ಚಿನ ಸಲ ಉತ್ತರ ನಾವು ಸಾಕಿದ ಪ್ರಾಣಿಯೇ ಆಗಿರುತ್ತದೆ, ಅಥವಾ ಅದಕ್ಕೆ ಹಾಕಿದ ಊಟ. ಹಾಗಾಗಿ ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ಪಾಲು ಬೇಲಿಯ ಈಚೆಗಿನ ಕೆಲಸ.

ಮೊದಲು ಅಕ್ಕಪಕ್ಕದವರನ್ನು ಕೇಳಿ

ಸಾಮಾನು ಸಾಗಿಸುವ ಮುನ್ನ ಒಂದು ಸಂಜೆ ಆ ಊರಿನಲ್ಲಿ ಕಳೆಯಿರಿ. ಕುಳಾಗರದಲ್ಲಿ ಕೆಲಸ ಮಾಡುವವರು, ದನ ಮೇಯಿಸುವವರು, ಬೆಳಗಿನ ಜಾವ ಹಾಲು ಹಾಕಲು ಹೋಗುವವರು, ಇವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಕಾಡುಕೋಣ ಯಾವ ದಾರಿಯಲ್ಲಿ ಇಳಿಯುತ್ತದೆ (ಕೊಂಕಣಿಯಲ್ಲಿ 'ಗವೊ ರೆಡೊ' ಎಂದು ಕೇಳಿ, ಅದು ಗೋವಾದ ರಾಜ್ಯಪ್ರಾಣಿ), ಕಳೆದ ವರ್ಷ ಯಾರ ಮನೆಯ ನಾಯಿ ಹೋಯಿತು, ಮಂಗಗಳು ಯಾವ ತಿಂಗಳಲ್ಲಿ ಬರುತ್ತವೆ, ಯಾವ ಬಾವಿಯ ಹತ್ತಿರ ಹೆಬ್ಬಾವು ಕಾಣಿಸುತ್ತದೆ. ಇಷ್ಟು ತಿಳಿದರೆ ಗೂಡು ಎಲ್ಲಿ, ಕೊಟ್ಟಿಗೆ ಎಲ್ಲಿ, ಬೇಲಿಯಲ್ಲಿ ಜಾಗ ಎಲ್ಲಿ ಬಿಡಬೇಕು ಎಂಬುದು ಅರ್ಧ ತೀರ್ಮಾನವಾದಂತೆ. ಕಾಡುಕೋಣದ ಹಳೆಯ ದಾರಿಗೆ ಅಡ್ಡಲಾಗಿ ತಂತಿ ಎಳೆದರೆ ಅದು ದಾರಿ ಬದಲಿಸುವುದಿಲ್ಲ, ತಂತಿಯನ್ನೇ ಎಳೆದುಕೊಂಡು ಹೋಗುತ್ತದೆ.

ಮನೆಯ ಸುತ್ತ ಹತ್ತು ಹದಿನೈದು ಮೀಟರ್ ಪೊದೆ, ಎತ್ತರದ ಹುಲ್ಲು ಸವರಿಡಿ. ಇಡೀ ಜಾಗ ಬೋಳು ಮಾಡಬೇಕಿಲ್ಲ. ಬಾಗಿಲು ತೆರೆದಾಗ ಎದುರಿಗಿರುವುದು ಕಾಣಬೇಕು, ಅಷ್ಟೇ.

ಯಾವುದು ಯಾವುದನ್ನು ಕರೆತರುತ್ತದೆ

ಪಡಸಾಲೆಯಲ್ಲಿ ಬಿಳಿ ಟ್ಯೂಬ್‌ಲೈಟ್ ರಾತ್ರಿಯಿಡೀ ಉರಿಯುತ್ತದೆ. ಅದಕ್ಕೆ ಹುಳ ಬರುತ್ತವೆ, ಹುಳ ತಿನ್ನಲು ಕಪ್ಪೆ, ಕಪ್ಪೆ ಹಿಡಿಯಲು ಹಾವು. ಕೋಳಿಯ ಕಾಳು ತೆರೆದ ಡಬ್ಬದಲ್ಲಿದೆ. ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆಹಾವು, ನಾಗರ. ನಾಯಿ ತಿಂದುಳಿಸಿದ ಅನ್ನ ತಟ್ಟೆಯಲ್ಲೇ ಉಳಿದರೆ ಮುಂಗುಸಿ, ಕಬ್ಬೆಕ್ಕು (ಪುನುಗು ಬೆಕ್ಕು), ಕಾಡುಹಂದಿ. ಅಡುಗೆಮನೆಯ ಕಸವನ್ನು ಹಿತ್ತಲಿಗೆ ಎಸೆದರೆ ಬೀದಿನಾಯಿ, ಅವುಗಳ ಹಿಂದೆ ಚಿರತೆ. ಈ ಸರಪಳಿ ಹಗಲಿನಲ್ಲಿ ಕಾಣುವುದಿಲ್ಲ.

ಮಾಡಬೇಕಾದದ್ದು:

ಹೊರಗಿನ ದೀಪವನ್ನು ಹಳದಿ ಬೆಳಕಿನ, ಆಳು ಬಂದಾಗ ಮಾತ್ರ ಹೊತ್ತಿಕೊಳ್ಳುವ ಸೆನ್ಸರ್ ದೀಪಕ್ಕೆ ಬದಲಿಸಿ. ಬಾಗಿಲ ನೆತ್ತಿಯ ಮೇಲೆ ಬೇಡ, ತುಸು ದೂರದ ಕಂಬಕ್ಕೆ ಹಾಕಿ; ಕಪ್ಪೆ ಹೊಸ್ತಿಲಲ್ಲಿ ಸೇರುವುದಿಲ್ಲ. ಅಕ್ಕಿ, ಕಾಳು, ನಾಯಿಯ ಒಣ ಆಹಾರ, ಮೂರಕ್ಕೂ ಮುಚ್ಚಳ ಗಟ್ಟಿ ಕೂರುವ ಲೋಹದ ಡಬ್ಬವೇ ಆಗಬೇಕು. ಪ್ಲಾಸ್ಟಿಕ್ಕನ್ನು ಇಲಿ ಕಡಿಯುತ್ತದೆ. ಸೌದೆ, ತೆಂಗಿನ ಸಿಪ್ಪೆ, ಉಳಿದ ಹೆಂಚು, ಚಿರೆಕಲ್ಲಿನ ರಾಶಿ ಗೋಡೆಗೆ ತಾಗಿಕೊಂಡಿರಬಾರದು. ಸೌದೆಗೆ ನೆಲದಿಂದ ಒಂದಡಿ ಮೇಲೆ ಅಟ್ಟಣಿಗೆ ಮಾಡಿ. ಬಚ್ಚಲ ನೀರು ಹೋಗುವ ಕೊಳವೆಯ ಬಾಯಿಗೆ ಜಾಲರಿ, ಬಾಗಿಲ ಅಡಿಯ ಸಂದಿಗೆ ರಬ್ಬರ್ ಪಟ್ಟಿ. ಮಳೆಗಾಲದಲ್ಲಿ ಮನೆಯೊಳಗೆ ಸಿಗುವ ಹಾವುಗಳಲ್ಲಿ ಬಹುಪಾಲು ಈ ಎರಡು ದಾರಿಯಿಂದಲೇ ಬಂದವು.

ಗೇರುಹಣ್ಣಿನ ಕಾಲ ಗೋವಾದಲ್ಲಿ ವಿಶೇಷ. ಮಾರ್ಚ್‌ನಿಂದ ಮೇ ತನಕ ಉದುರಿದ ಹಣ್ಣು ನೆಲದಲ್ಲೇ ಹುಳಿಯುತ್ತದೆ, ಆ ವಾಸನೆಗೆ ಮುಳ್ಳುಹಂದಿ, ಕಾಡುಹಂದಿ, ಕಾಡುಕೋಣ ಎಲ್ಲವೂ ಬರುತ್ತವೆ. ಫೆನಿ ಇಳಿಸುವವರು ಊರಿನಲ್ಲಿದ್ದರೆ ದಿನಾ ಬಂದು ಹೆಕ್ಕಿಕೊಂಡು ಹೋಗಲು ಹೇಳಿ. ಅವರಿಗೂ ಲಾಭ, ನಿಮಗೂ ನಿದ್ದೆ. ಮನೆಯ ಮಗ್ಗುಲಲ್ಲಿ ಹಲಸಿನ ಮರವಿದ್ದರೆ ಕಾಯಿಯನ್ನು ಎಳತಿನಲ್ಲೇ ಇಳಿಸಿ ಪಲ್ಯ ಮಾಡಿ, ಹಪ್ಪಳ ಮಾಡಿ.

ನಾಯಿ: ಕೆಲಸ ಹೆಚ್ಚಿರುವುದು ಇಲ್ಲೇ

ನಾಯಿ ಇದ್ದರೆ ಚಿರತೆ ಹತ್ತಿರ ಬರುವುದಿಲ್ಲ ಎಂದು ನಂಬಿ ಸಾಕುವವರು ಬಹಳ. ನಡೆಯುವುದು ತಿರುಗಾಮುರುಗಾ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಗದ್ದೆಗಳ ನಡುವೆ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿ ನೋಡಿದಾಗ, ಅದರ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಸುಮಾರು 87% ಸಾಕುಪ್ರಾಣಿಗಳದ್ದೇ ಇತ್ತು. ನಾಯಿಯೊಂದರ ಪಾಲೇ 39%. ಅದು ಕಬ್ಬಿನ ನಾಡು, ಗೋವಾದ ಕಾಡಿನಲ್ಲಿ ಬೇಟೆಗೆ ಬೇರೆ ಪ್ರಾಣಿಗಳಿವೆ, ಆದರೂ ಚಿರತೆಯ ರುಚಿ ಒಂದೇ. ರಾತ್ರಿ ಅಂಗಳದಲ್ಲಿ ಸರಪಳಿ ಕಟ್ಟಿದ ನಾಯಿಯೆಂದರೆ ಓಡಲಾಗದ ಬೇಟೆ. ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕಿದರೆ ಸಾಕೆನ್ನುವವರೂ ಇದ್ದಾರೆ. ಅದನ್ನು ನೆಚ್ಚಿ ನಾಯಿಯನ್ನು ಹೊರಗೆ ಬಿಡಬೇಡಿ.

ಕತ್ತಲಾಗುವ ಮುನ್ನ ನಾಯಿ ಒಳಗೆ. ಒಳಗೆಂದರೆ ಮನೆಯೊಳಗೆ, ಇಲ್ಲವೇ ಮೇಲೂ ಮುಚ್ಚಿದ ಗೂಡಿನಲ್ಲಿ. ಆರಡಿ ಗೋಡೆ ಚಿರತೆಗೆ ಒಂದು ಜಿಗಿತ. ಗೂಡು ಕಟ್ಟಿಸುವುದಾದರೆ ಮೂರಡಿ ಚಿರೆಕಲ್ಲು, ಮೇಲೆ ಕೈಬೆರಳ ದಪ್ಪದ ಕಬ್ಬಿಣದ ಸರಳು, ಸರಳಿನ ನಡುವೆ ಪಂಜ ತೂರದಷ್ಟೇ ಸಂದಿ. ಚಾವಣಿಗೆ ಶೀಟ್ ಹಾಕಿದರೆ ಅದರ ಕೆಳಗೂ ಸರಳಿರಲಿ. ಹೆಂಚನ್ನು ಚಿರತೆ ಸರಿಸುತ್ತದೆ. ಬಾಗಿಲಿಗೆ ಚಿಲಕದ ಜೊತೆ ಕೊಂಡಿ. ನಾಯಿ ಗೋಡೆಯ ಮೂಲೆಗೆ ಸರಿದು ಮಲಗಲು ಹಲಗೆ ಹಾಕಿ. ಸರಳಿಗೆ ತಾಗಿಕೊಂಡು ಮಲಗಿದರೆ ಹೊರಗಿನಿಂದ ಪಂಜ ತಲುಪುತ್ತದೆ.

ರಾತ್ರಿ ನಾಯಿ ಬೊಗಳಿದರೆ ಬಾಗಿಲು ತೆರೆದು ಅದನ್ನು ಹೊರಗೆ ಬಿಡುವ ಅಭ್ಯಾಸ ನಮ್ಮ ಊರುಗಳಲ್ಲೂ ಉಂಟು. ಇಲ್ಲಿ ಬೇಡ. ಬ್ಯಾಟರಿ ಹಾಕಿ ಕಿಟಕಿಯಿಂದ ನೋಡಿ, ಜೋರಾಗಿ ಮಾತಾಡಿ, ಸಾಕು. ಕುಳಾಗರದಲ್ಲಿ ಕಾಡುಕೋಣ ನಿಂತಿದ್ದಾಗ ನಾಯಿ ಬಿಟ್ಟರೆ ಇನ್ನೂ ಕೆಟ್ಟದು. ನಾಯಿ ಬೊಗಳಿ ಕೆಣಕುತ್ತದೆ, ಕೋಣ ಅಟ್ಟಿಸಿಕೊಂಡು ಬರುತ್ತದೆ, ನಾಯಿ ಯಜಮಾನನ ಕಾಲಿನ ಹತ್ತಿರ ಓಡಿಬರುತ್ತದೆ. ಟನ್ ತೂಗಬಲ್ಲ ಪ್ರಾಣಿ ಯಾರ ಕಾಲು ಎಂದು ನೋಡುವುದಿಲ್ಲ.

ಇನ್ನು ಹಗಲು. ಕಾಡಿನಂಚಿನಲ್ಲಿ ನಾಯಿಯನ್ನು ಸುಮ್ಮನೆ ಅಲೆಯಲು ಬಿಟ್ಟರೆ ಅದು ಮೊಲ, ಪುಟ್ಟ ಜಿಂಕೆಯಂಥ ಬರ್ಕ, ಉಡ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಎಲ್ಲವನ್ನೂ ಅಟ್ಟುತ್ತದೆ. ಹಂದಿಗೆಂದು ಯಾರೋ ಬ್ರೇಕ್ ತಂತಿಯಲ್ಲಿ ಕಟ್ಟಿದ ಉರುಳಿಗೆ ಅದೂ ಬೀಳುತ್ತದೆ. ಹಗ್ಗ ಹಿಡಿದು ಸುತ್ತಾಡಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಬೆದೆಯ ಕಾಲದಲ್ಲಿ ಗಂಡುನಾಯಿ ನಾಲ್ಕಾರು ಊರು ಸುತ್ತುತ್ತದೆ, ಹೆಣ್ಣುನಾಯಿ ಆರೇಳು ನಾಯಿಗಳನ್ನು ಅಂಗಳಕ್ಕೆ ಕರೆಯುತ್ತದೆ.

ಲಸಿಕೆಯ ಲೆಕ್ಕ ಹೀಗೆ. ಮರಿಗೆ ಆರರಿಂದ ಎಂಟು ವಾರವಾದಾಗ ಡಿಸ್ಟೆಂಪರ್, ಪಾರ್ವೊ, ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಮುಂತಾದವಕ್ಕೆ ಸೇರಿಸಿ ಕೊಡುವ ಮೊದಲ ಚುಚ್ಚುಮದ್ದು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ. ಮೂರು ತಿಂಗಳಿಗೆ ರೇಬೀಸ್ ಲಸಿಕೆ. ನಂತರ ವೈದ್ಯರು ಹೇಳಿದಂತೆ ಬೂಸ್ಟರ್, ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಇಲ್ಲಿಯ ಮಳೆ, ಕೆಸರು, ಇಲಿ ನೋಡಿದರೆ ಲೆಪ್ಟೊವನ್ನು ತಪ್ಪಿಸುವಂತಿಲ್ಲ. ಅದು ನಾಯಿಯ ಮೂತ್ರದಿಂದ ಮನುಷ್ಯರಿಗೂ ದಾಟುತ್ತದೆ. ಡಿಸ್ಟೆಂಪರ್ ಬರೀ ನಾಯಿಯ ಕಾಯಿಲೆಯಲ್ಲ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳ ದೇಹದಲ್ಲಿ ಇದೇ ವೈರಸ್ ಪತ್ತೆಯಾಗಿತ್ತು. ನಿಮ್ಮ ನಾಯಿಗೆ ಹಾಕಿಸಿದ ಲಸಿಕೆ ಕಾಡಿನ ಚಿರತೆಗೂ ಒಂದು ಮಟ್ಟಿಗೆ ರಕ್ಷಣೆ.

ರೇಬೀಸ್ ವಿಷಯದಲ್ಲಿ ಗೋವಾ ಒಳ್ಳೆಯ ಕೆಲಸ ಮಾಡಿದೆ. 'ಮಿಷನ್ ರೇಬೀಸ್' ಸಂಸ್ಥೆಯೊಡನೆ ಸೇರಿ ವರ್ಷವರ್ಷವೂ ಬೀದಿನಾಯಿಗಳಿಗೆ ಲಸಿಕೆ ಹಾಕಿ, 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಆದರೆ ಬೆಳಗಾವಿಯ ಕಡೆಯ ನಾಯಿಗೆ ಚೋರ್ಲಾ ಘಾಟಿನಲ್ಲಿ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ನಾಯಿ, ಬೆಕ್ಕು, ಮಂಗ, ಮುಂಗುಸಿ, ಯಾವುದು ಕಚ್ಚಿದರೂ ಪರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾರದ ಪುಡಿ ಏನೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಅಲ್ಲಿ ಇಲ್ಲವೆಂದರೆ ಎಲ್ಲಿದೆ ಎಂದು ಕೇಳಿ ಬರೆಸಿಕೊಳ್ಳಿ.

ಮಳೆಯ ಮೊದಲ ರಾತ್ರಿಗಳಲ್ಲಿ ಇನ್ನೊಂದು ಸಣ್ಣ ಗಾಬರಿ ಕಾದಿರುತ್ತದೆ. ನಾಯಿ ನೆಲಗಪ್ಪೆಯನ್ನು ಬಾಯಿಗೆ ಹಾಕಿಕೊಂಡು ನೊರೆ ಸುರಿಸುತ್ತದೆ. ತಲೆ ತಗ್ಗಿಸಿ ಹಿಡಿದು, ನೀರು ಗಂಟಲಿಗೆ ಇಳಿಯದಂತೆ ಬಾಯಿಯ ಪಕ್ಕದಿಂದ ಹಾಯಿಸಿ, ಒಸಡು ಒರೆಸಿ. ಬಹುತೇಕ ಅಷ್ಟಕ್ಕೇ ಸರಿಯಾಗುತ್ತದೆ. ನಡುಕ ಬಂದರೆ, ತೂರಾಡಿದರೆ ಮಾತ್ರ ವೈದ್ಯರ ಹತ್ತಿರ ಓಡಿ.

ಬೆಕ್ಕು

ಬೆಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೆಕ್ಕೂ ಕೇಳುವುದಿಲ್ಲ. ರಾತ್ರಿ ಒಳಗಿರಲಿ, ಸಂತಾನಹರಣ ಆಗಿರಲಿ, ಲಸಿಕೆ ಆಗಿರಲಿ. ಹಕ್ಕಿಗಳು ಮರಿ ಹಾರಿಸುವ ಬೇಸಿಗೆಯ ವಾರಗಳಲ್ಲಿ ಬೆಳಿಗ್ಗೆಯೂ ತಡವಾಗಿ ಹೊರಬಿಡಿ. ಒಂದು ಎಚ್ಚರಿಕೆ ಮಾತ್ರ ಮುಖ್ಯ: ನಾಯಿಗೆ ಹಚ್ಚುವ ಉಣ್ಣೆಯ (ರಕ್ತ ಹೀರುವ ಉಣುಗಿನ) ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಸಾಯಬಹುದು.

ಕೋಳಿಗೂಡು ಮತ್ತು ಕೊಟ್ಟಿಗೆ

ಅಂಗಡಿಯಲ್ಲಿ 'ಕೋಳಿ ಜಾಲರಿ' ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡಲು ಸಾಕು, ಬೇರೆಯವರನ್ನು ಹೊರಗಿಡಲು ಸಾಲದು. ಕಬ್ಬೆಕ್ಕು ಹರಿಯುತ್ತದೆ, ಸಣ್ಣ ಹಾವು ನುಸುಳುತ್ತದೆ. ಅರ್ಧ ಇಂಚಿನ ವೆಲ್ಡೆಡ್ ಜಾಲರಿ ಕೇಳಿ ತನ್ನಿ, ದುಡ್ಡು ಹೆಚ್ಚಾದರೂ ಸರಿ. ಗೂಡಿನ ಸುತ್ತ ಅದೇ ಜಾಲರಿಯನ್ನು ನೆಲದ ಮೇಲೆ ಒಂದಡಿ ಹೊರಕ್ಕೆ ಹಾಸಿ, ಮೇಲೆ ಮಣ್ಣು, ಕಲ್ಲು ಹಾಕಿ. ಮುಂಗುಸಿ ಗೋಡೆಯ ಬುಡದಲ್ಲಿ ಕೆರೆಯಲು ಶುರುಮಾಡಿ ಜಾಲರಿ ಸಿಕ್ಕಾಗ ಬಿಟ್ಟುಹೋಗುತ್ತದೆ. ಗೂಡನ್ನು ನೆಲದಿಂದ ಎರಡಡಿ ಎತ್ತರಿಸಿ. ಕೆಳಗೆ ಗಾಳಿಯಾಡುತ್ತದೆ, ಗೋವಾದ ಜುಲೈ ತಿಂಗಳ ತೇವಕ್ಕೆ ಅದೂ ಬೇಕು. ಮೊಟ್ಟೆಯನ್ನು ಸಂಜೆಯೊಳಗೆ ತೆಗೆಯಿರಿ. ಮೊಟ್ಟೆಗೂ ಮರಿಗೂ ನಾಗರ, ಉಡ ಎರಡೂ ಬರುತ್ತವೆ. ಬೆಳಿಗ್ಗೆ ಗೂಡಿಗೆ ಕೈ ಹಾಕುವ ಮುನ್ನ ಬ್ಯಾಟರಿ ಹಾಕಿ ನೋಡಿ. ಕೋಳಿ ನುಂಗಿ ಹೊಟ್ಟೆ ಉಬ್ಬಿದ ಹೆಬ್ಬಾವು ಬಂದ ಸಂದಿಯಲ್ಲೇ ಹೊರಹೋಗಲಾಗದೆ ಒಳಗೇ ಸುರುಳಿ ಸುತ್ತಿರುವುದು ಅಪರೂಪವೇನಲ್ಲ.

ಹಸು, ಆಡು ಇದ್ದರೆ ರಾತ್ರಿ ಕೊಟ್ಟಿಗೆ ಮುಚ್ಚಿರಬೇಕು, ಕರುವಿಗೆ ಒಳಮೂಲೆ. ಹಗಲು ಮೇಯಲು ಬಿಟ್ಟ ದನ ಸಂಜೆಗೆ ಎಣಿಸಿ ಕಟ್ಟಬೇಕು. ಹೀಗಿದ್ದೂ ಹುಲಿ ಅಥವಾ ಚಿರತೆ ದನ ಹಿಡಿದರೆ ಏನು ಮಾಡಬೇಕೆಂಬುದನ್ನು ಸ್ಪಷ್ಟವಾಗಿ ತಿಳಿದಿಟ್ಟುಕೊಳ್ಳಿ, ಏಕೆಂದರೆ ಸಿಟ್ಟಿನಲ್ಲಿ ಮಾಡುವುದು ಇಲ್ಲಿ ಬಹಳ ದುಬಾರಿ. 2020ರ ಜನವರಿಯಲ್ಲಿ ಸತ್ತರಿಯ ಗೋಳಾವಳಿ ಹತ್ತಿರ ಒಂದು ಹೆಣ್ಣು ಹುಲಿ, ಅದರ ಮೂರು ಮರಿಗಳು ವಿಷಕ್ಕೆ ಸತ್ತವು. ದನ ಕಳೆದುಕೊಂಡ ಕುಟುಂಬದವರೇ ಬಂಧನಕ್ಕೊಳಗಾದರು. ದನವೂ ಹೋಯಿತು, ಹುಲಿಯೂ ಹೋಯಿತು, ಮನೆಯವರು ಠಾಣೆ ಹತ್ತಿದರು. ಪರಿಹಾರ ಬೇಗ ಕೈಗೆ ಬರುವ ವ್ಯವಸ್ಥೆ ಇದ್ದಿದ್ದರೆ ಎಂಬ ಮಾತು ಆಗ ಎಲ್ಲ ಕಡೆ ಕೇಳಿಬಂತು. ಆ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ.

ಹಾಗಾಗಿ ಸತ್ತ ಪ್ರಾಣಿಯನ್ನು ಎಳೆಯಬೇಡಿ, ಹೂಳಬೇಡಿ. ಇದ್ದ ಜಾಗದಲ್ಲೇ ಕುತ್ತಿಗೆಯ ಗಾಯ, ಹೆಜ್ಜೆಗುರುತು, ಕಿವಿಗೆ ಹಾಕಿದ ಗುರುತಿನ ಬಿಲ್ಲೆ ಕಾಣುವಂತೆ ದಿನಾಂಕ ಸಮೇತ ಫೋಟೊ ತೆಗೆಯಿರಿ. ಹೆಜ್ಜೆಗುರುತಿನ ಮೇಲೆ ಬುಟ್ಟಿ ಕವುಚಿಡಿ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಅದೇ ದಿನ ತಿಳಿಸಿ, ಪಶುವೈದ್ಯರ ವರದಿ, ಪಂಚನಾಮೆಯ ಪ್ರತಿ ಕೇಳಿ ತೆಗೆದುಕೊಳ್ಳಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಇಲ್ಲದೆ ಬರಬೇಡಿ. ಕೊಂಕಣಿ, ಮರಾಠಿ ಬರೆಯಲು ಬಾರದಿದ್ದರೆ ಪಂಚಾಯತಿಯ ಸದಸ್ಯರ ನೆರವು ಕೇಳಿ. ಕನ್ನಡದವರು ಎಂದು ಹಿಂಜರಿಯಬೇಕಿಲ್ಲ, ಸತ್ತುಹೋದದ್ದು ಗೋವಾದ ದನವೇ ತಾನೆ.

ಹಾವು

ಗೋವಾದಲ್ಲಿ ಮನೆಯ ಸುತ್ತ ಕಾಣುವ ವಿಷದ ಹಾವುಗಳಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ, ಈ ನಾಲ್ಕು ಮುಖ್ಯ. ಭಾರತದಲ್ಲಿ ಸಿಗುವ ವಿಷನಿರೋಧಕ ಔಷಧ ಈ ನಾಲ್ಕಕ್ಕೆಂದೇ ತಯಾರಾಗುತ್ತದೆ. ಕುಳಾಗರದ ತರಗೆಲೆಯಲ್ಲಿ ಅದೇ ಬಣ್ಣಕ್ಕೆ ಹೊಂದಿಕೊಂಡು, ಮೂತಿ ತುಸು ಮೇಲೆತ್ತಿ ಕೂರುವ ಗುಳಿಮಂಡಲವೂ ಇದೆ. ಅದರ ಕಡಿತಕ್ಕೆ ಆ ಔಷಧ ನಾಟುವುದಿಲ್ಲ, ಬೇರೆ ರೀತಿಯ ಶುಶ್ರೂಷೆ ಬೇಕು. ಅದಕ್ಕೇ ಅಡಿಕೆ ಹೆಕ್ಕುವಾಗ ಕೈಗೆ ಬದಲು ಕೊಕ್ಕೆ, ಕಾಲಿಗೆ ಗಮ್‌ಬೂಟು. ಕೇರೆ, ಒಳ್ಳೆಹಾವು, ಹಸಿರುಹಾವುಗಳಿಂದ ಅಪಾಯವಿಲ್ಲ. ಬಡಪಾಯಿ ತೋಳಹಾವನ್ನು ಮಾತ್ರ ಕಟ್ಟುಹಾವೆಂದು ತಪ್ಪು ತಿಳಿದು ಎಲ್ಲ ಊರಲ್ಲೂ ಕೊಲ್ಲುತ್ತಾರೆ.

ಒಳಗೆ ಹಾವು ಕಂಡರೆ: ಮೊದಲು ನಾಯಿ, ಬೆಕ್ಕು, ಮಕ್ಕಳನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿ. ಒಬ್ಬರು ದೂರ ನಿಂತು ಹಾವಿನ ಮೇಲೆ ಕಣ್ಣಿಟ್ಟಿರಲಿ. ಇನ್ನೊಬ್ಬರು ಅರಣ್ಯ ಇಲಾಖೆಗೆ ಅಥವಾ ಇಲಾಖೆಗೆ ಗೊತ್ತಿರುವ ಹಾವು ಹಿಡಿಯುವವರಿಗೆ ಫೋನ್ ಮಾಡಲಿ. ಹೊರಗಿನ ಬಾಗಿಲು ಹತ್ತಿರದಲ್ಲೇ ಇದ್ದರೆ ತೆರೆದಿಟ್ಟು ಸುಮ್ಮನಿರಿ, ಹೋಗುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಚೆಲ್ಲುವುದರಿಂದ ಹಾವು ಗಾಬರಿಯಾಗಿ ಇನ್ನೂ ಒಳಕ್ಕೆ ಸೇರುತ್ತದೆ. ಹಾವನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದು ಒಂದು. ಕೋಲು ಹಿಡಿದು ಹತ್ತಿರ ಹೋದವರೇ ಹೆಚ್ಚಾಗಿ ಕಚ್ಚಿಸಿಕೊಳ್ಳುತ್ತಾರೆ ಎಂಬುದು ಇನ್ನೊಂದು.

ಕಚ್ಚಿದರೆ ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವ ಹಾಗೆ ಹಲಗೆ ಇಟ್ಟು ಅಲುಗದಂತೆ ಮಾಡಿ, ನಡೆಸದೆ ಸಾಗಿಸಿ. ಬಿಗಿಯಾಗಿ ಹಗ್ಗ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವೆಂದರೆ ಸಿಕ್ಕ ವಾಹನದಲ್ಲಿ ಹೊರಡಿ. ಸತ್ತರಿಯವರಿಗೆ ವಾಳ್ಪೈ ಸಮುದಾಯ ಆರೋಗ್ಯ ಕೇಂದ್ರ ಹತ್ತಿರ, ಆಮೇಲೆ ಪೋಂಡಾ. ದೊಡ್ಡದಕ್ಕೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಸಾಂಗೇ, ಕಾಣಕೋಣದವರಿಗೆ ಮಡಗಾಂವದ ಜಿಲ್ಲಾ ಆಸ್ಪತ್ರೆ. ಕಟ್ಟುಹಾವಿನ ಕಡಿತಕ್ಕೆ ನೋವಾಗಲಿ ಊತವಾಗಲಿ ಇಲ್ಲದಿರಬಹುದು. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ಕಣ್ಣುರೆಪ್ಪೆ ಎತ್ತಲಾಗುತ್ತಿಲ್ಲ ಎಂದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ಮಂಚದ ಮೇಲೆ, ಅಂಚು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆಯಲ್ಲಿ ಮಲಗುವುದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ನಾಯಿಗೆ ಕಚ್ಚುವುದು ಹೆಚ್ಚಾಗಿ ಮೂತಿಗೆ, ಮುಂಗಾಲಿಗೆ. ಮಂಡಲವಾದರೆ ಮುಖ ಊದಿ ರಕ್ತ ಒಸರುತ್ತದೆ, ನಾಗರವಾದರೆ ಕಾಲು ಕುಸಿಯುತ್ತದೆ. ನಾಯಿಯನ್ನು ಎತ್ತಿಕೊಂಡೇ ಹೋಗಿ, ಓಡಿಸಬೇಡಿ. ಮನುಷ್ಯರಿಗೆ ಕೊಡುವ ಅದೇ ವಿಷನಿರೋಧಕವನ್ನೇ ಪಶುವೈದ್ಯರೂ ಕೊಡುತ್ತಾರೆ, ಆದರೆ ಎಲ್ಲರ ಬಳಿಯೂ ದಾಸ್ತಾನು ಇರುವುದಿಲ್ಲ.

ಮಂಗ ಮತ್ತು ಉಣ್ಣೆ

ಕೆಂಪು ಮೂತಿಯ ಮಂಗಕ್ಕೆ ಒಂದು ಸಲ ಬಾಳೆಹಣ್ಣು ಕೊಟ್ಟರೆ ಮುಗಿಯಿತು, ಅದು ನಿಮ್ಮ ಮನೆಯ ವಿಳಾಸವನ್ನು ಬಳಗಕ್ಕೆಲ್ಲ ಹೇಳುತ್ತದೆ. ಅಡುಗೆಮನೆ ಕಿಟಕಿಗೆ ಜಾಲರಿ, ನೀರಿನ ಟ್ಯಾಂಕಿಗೆ ಮುಚ್ಚಳ, ಮನೆಯ ಮಾಡಿಗೆ ತಾಗುವ ಕೊಂಬೆ ಕಡಿತ; ಹೆಂಚು ಉಳಿಯಬೇಕೆಂದರೆ ಈ ಮೂರು. ಎದುರಾದಾಗ ಹಲ್ಲು ಕಾಣಿಸಬೇಡಿ, ದಿಟ್ಟಿಸಬೇಡಿ. ನಾಯಿ ಬಿಟ್ಟು ಅಟ್ಟಿಸಿದರೆ ಗಂಡು ಮಂಗದ ಕೋರೆಹಲ್ಲಿಗೆ ಸೀಳುವುದು ನಾಯಿಯ ಮೈಯೇ.

ಮಂಗನ ಕಾಯಿಲೆ ಗೋವಾಕ್ಕೂ ಬಂದಿದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, 2015ರಿಂದ ಸತ್ತರಿಯಲ್ಲಿ ಕಾಣಿಸಿಕೊಂಡಿದೆ. ಗೇರು ತೋಪಿಗೆ ಹೋದವರಿಗೆ, ಸೌದೆ ತಂದವರಿಗೆ ಬರುವ ಜ್ವರ, ಹರಡುವುದು ಉಣ್ಣೆ. ಡಿಸೆಂಬರಿನಿಂದ ಮೇ ತನಕ ಜಾಗ್ರತೆ. ಕಾಡಿಗೆ ಹೋಗುವಾಗ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ. ನಾಯಿ, ದನ ಕಾಡು ಸುತ್ತಿ ಉಣ್ಣೆಯನ್ನು ಮನೆಗೇ ತರುತ್ತವೆ. ದಿನಾ ಕಿವಿ, ಬೆರಳ ಸಂದು, ಬಾಲದ ಬುಡ ನೋಡಿ, ಚಿಮುಟದಿಂದ ತೆಗೆಯಿರಿ, ಬರಿಗೈಯಲ್ಲಿ ಹಿಸುಕಬೇಡಿ. ವೈದ್ಯರು ಹೇಳಿದ ಉಣ್ಣೆಯ ಮದ್ದನ್ನು ತಿಂಗಳು ತಪ್ಪಿಸಬೇಡಿ. ನಾಯಿಗೆ ಉಣ್ಣೆಯಿಂದ ಬರುವ ರಕ್ತದ ಜ್ವರವೂ ಇಲ್ಲಿ ಸಾಮಾನ್ಯ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟುವುದಿರಲಿ, ಹತ್ತಿರವೂ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ. ಅದರ ಮೈಯಿಂದ ಇಳಿದ ಉಣ್ಣೆಗಳು ಸುತ್ತಲಿನ ನೆಲದಲ್ಲೇ ಇರುತ್ತವೆ.

ಸದ್ದಿಲ್ಲದೆ ಕೊಲ್ಲುವ ಸಾಮಾನುಗಳು

ತರಕಾರಿ ಪಾತಿಗೆ ಸುತ್ತುವ ನೈಲಾನ್ ಬಲೆಗೆ ಸಿಕ್ಕಿ ಸಾಯುವ ಕೇರೆ, ನಾಗರಗಳಿಗೆ ಲೆಕ್ಕವಿಲ್ಲ. ಕೇರೆ ಸತ್ತರೆ ಇಲಿ ಹೆಚ್ಚುತ್ತದೆ. ಬಲೆ ಹಾಕಲೇಬೇಕಿದ್ದರೆ ನೆಲದಿಂದ ಒಂದೂವರೆ ಅಡಿ ಮೇಲಿನಿಂದ ಹಾಕಿ, ಕೆಳಗೆ ಗಟ್ಟಿ ಜಾಲರಿ ಅಥವಾ ಶೀಟ್ ಇರಲಿ. ಇಲಿಪಾಷಾಣ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ, ನಿಮ್ಮ ಬೆಕ್ಕೂ ತಿನ್ನುತ್ತದೆ, ಬೋನು ಇಡಿ. ಅಂಟುಹಾಳೆಯಂತೂ ಬೇಡವೇ ಬೇಡ, ಇಲಿಗಿಂತ ಮೊದಲು ಹಲ್ಲಿ, ಅರಣೆ, ಹಾವಿನ ಮರಿ ಅಂಟುತ್ತವೆ.

ಹಂದಿಗೆಂದು ಬೇಲಿಗೆ ಮನೆಯ ಕರೆಂಟು ಕೊಡುವುದು ಕಾನೂನಿಗೆ ವಿರುದ್ಧ, ಸಾಯುವುದು ಹಂದಿಯೊಂದೇ ಅಲ್ಲ. ಬೇಕೆಂದರೆ ಸರಿಯಾದ ಎನರ್ಜೈಸರ್ (ಕರೆಂಟನ್ನು ಬಿಟ್ಟುಬಿಟ್ಟು ಸಣ್ಣ ಹೊಡೆತವಾಗಿ ಕೊಡುವ ಪೆಟ್ಟಿಗೆ) ಇರುವ ಸೋಲಾರ್ ಬೇಲಿ ಹಾಕಿಸಿ, ಬಳ್ಳಿ ತಾಗದಂತೆ ಆಗಾಗ ಸವರುತ್ತಿರಿ. ತೆರೆದ ಬಾವಿಗೆ ಸೊಂಟದೆತ್ತರದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ. ಪಾಳುಬಾವಿಯಾದರೆ ಒಳಗೆ ಓರೆಯಾಗಿ ಒಂದು ಮರದ ದಿಮ್ಮಿ ಇಳಿಬಿಡಿ. ಬಿದ್ದ ಮುಂಗುಸಿಯೋ ಕಬ್ಬೆಕ್ಕೋ ಹತ್ತಿ ಬರುತ್ತದೆ.

ಚಿರತೆ ಕಂಡಿತು. ಈಗ?

ಕಂಡದ್ದಷ್ಟೇ ಆದರೆ ಏನೂ ಮಾಡಬೇಕಿಲ್ಲ. ಬೋನು ತರಿಸಿ ಎಂಬ ಕೂಗು ಊರಲ್ಲಿ ಏಳುತ್ತದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರ ನಂತರ ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಕೆಲಸ ನಡೆಯಿತು. ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಿತು. ಊರಿನ ಪರಿಚಯವಿದ್ದು ತಪ್ಪಿಸಿಕೊಂಡು ಓಡಾಡುವ ಚಿರತೆ ಹೋದರೆ ಆ ಜಾಗಕ್ಕೆ ಪರಿಚಯವಿಲ್ಲದ ಇನ್ನೊಂದು ಬರುತ್ತದೆ. ನಿಮ್ಮ ಊರಿನಲ್ಲಿ ಸಭೆ ಸೇರಿದಾಗ ಬೋನಿನ ಬದಲು ಬೀದಿದೀಪ, ಕಸದ ಗಾಡಿ, ಬೀದಿನಾಯಿಗಳ ಸಂತಾನಹರಣ ಕೇಳಿ. ಒಪ್ಪಿಸುವುದು ಸುಲಭವಲ್ಲ, ಅದೂ ಹೊರಗಿನಿಂದ ಬಂದವರ ಮಾತು. ಊರಿನ ಹಿರಿಯ ಕಾಕಾ ಒಬ್ಬರ ಬಾಯಲ್ಲಿ ಹೇಳಿಸಿದರೆ ಬೇಗ ನಡೆಯುತ್ತದೆ.

ಮುಸ್ಸಂಜೆಯ ನಂತರ ಮಕ್ಕಳು ಒಂಟಿಯಾಗಿ ಅಂಗಳದಲ್ಲಿ ಬೇಡ. ಕತ್ತಲಲ್ಲಿ ತೋಟದ ದಾರಿ ನಡೆಯುವಾಗ ಮಾತಾಡುತ್ತಾ, ಫೋನಿನಲ್ಲಿ ಹಾಡು ಹಾಕಿಕೊಂಡು ನಡೆಯಿರಿ. ಬಗ್ಗಿ ಕೂತ ಮನುಷ್ಯ ಚಿರತೆಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾನೆ, ಹಾಗಾಗಿ ಶೌಚಕ್ಕೆ ಬಯಲಿಗೆ ಹೋಗುವಂತಿರಬಾರದು. ಕೂಲಿಯಾಳುಗಳ ಶೆಡ್ಡಿಗೂ ಶೌಚಾಲಯ ಕಟ್ಟಿಸಿಕೊಡಿ. ನಮ್ಮ ಕಡೆಯಿಂದಲೇ ಬಂದ ಎಷ್ಟೋ ಕುಟುಂಬ ಅಂಥ ಶೆಡ್ಡುಗಳಲ್ಲಿರುತ್ತವೆ. ಎದುರುಬದುರಾದರೆ ಓಡಬೇಡಿ, ಬೆನ್ನು ತೋರಿಸಬೇಡಿ, ಮಗುವನ್ನು ಎತ್ತಿಕೊಂಡು ನೆಟ್ಟಗೆ ನಿಂತು ಹಿಂದಕ್ಕೆ ಸರಿಯಿರಿ. ಕೋಣೆಯೊಳಗೆ ಸೇರಿಕೊಂಡರೆ ಹೊರಗಿನಿಂದ ಬಾಗಿಲು ಹಾಕಿ, ಅರಣ್ಯ ಇಲಾಖೆಗೂ ಪೊಲೀಸರಿಗೂ ಹೇಳಿ, ಜನ ಸೇರದಂತೆ ನೋಡಿಕೊಳ್ಳಿ. ಮೊಬೈಲ್ ಹಿಡಿದ ಗುಂಪು ಸೇರಿದ ಮೇಲೆ ಅರಣ್ಯ ಸಿಬ್ಬಂದಿಗೂ ಏನೂ ಮಾಡಲಾಗುವುದಿಲ್ಲ.

ಮಾಡಿನ ಅಟ್ಟದಲ್ಲಿ ಕಬ್ಬೆಕ್ಕು ಮರಿ ಹಾಕಿದ್ದರೆ ಕೆಲವು ವಾರ ಸಹಿಸಿ, ದೊಡ್ಡವಾದ ಮೇಲೆ ಹೋಗುತ್ತವೆ, ಆಮೇಲೆ ಸಂದಿ ಮುಚ್ಚಿ. ಮರಿಯನ್ನು ತಂದು ಸಾಕುವ ಆಸೆ ಬೇಡ. ಗಿಳಿ, ನಕ್ಷತ್ರ ಆಮೆ ಸಾಕುವುದೂ ಕಾನೂನಿಗೆ ವಿರುದ್ಧವೇ, ಮಾಪುಸಾ ಸಂತೆಯಲ್ಲಿ ಯಾರು ಏನೇ ಹೇಳಿ ಮಾರಲಿ.

ಮೇ ತಿಂಗಳ ಕೊನೆಯ ವಾರ

ಮಳೆ ಹಿಡಿಯುವ ಮುನ್ನ ಹೆಂಚು ಕೈಯಾಡಿಸುವವರು ಬಂದಾಗಲೇ ಸಂದಿಗಳನ್ನೂ ಮುಚ್ಚಿಸಿ. ಸೌದೆ ಅಟ್ಟಣಿಗೆಗೆ ಏರಲಿ, ಚರಂಡಿ ಜಾಲರಿ ತೊಳೆದಿರಲಿ, ನಾಯಿಯ ಲೆಪ್ಟೊ ಬೂಸ್ಟರ್ ಆಗಿರಲಿ, ಎರಡು ಬ್ಯಾಟರಿಗೆ ಹೊಸ ಸೆಲ್. ಹತ್ತಿರದ ಆರೋಗ್ಯ ಕೇಂದ್ರಕ್ಕೂ ನಿಮ್ಮ ಪಶುವೈದ್ಯರಿಗೂ ಫೋನ್ ಮಾಡಿ ವಿಷನಿರೋಧಕ ದಾಸ್ತಾನಿದೆಯೇ, ರಾತ್ರಿ ಯಾರಿರುತ್ತಾರೆ ಎಂದು ಕೇಳಿ. ವಲಯ ಅರಣ್ಯ ಕಚೇರಿ, ಹಾವು ಹಿಡಿಯುವವರು, ಪಶುವೈದ್ಯರು, ರಾತ್ರಿ ಜೀಪು ತೆಗೆಯುವ ನೆರೆಯವರು, ಈ ನಾಲ್ಕು ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಮೊಬೈಲಿನಲ್ಲಿದೆಯಲ್ಲ ಎನ್ನಬೇಡಿ, ಜೂನ್ ಬಂದರೆ ಸತ್ತರಿಯಲ್ಲಿ ಮೊದಲು ಹೋಗುವುದು ಕರೆಂಟು, ಆಮೇಲೆ ಮೊಬೈಲಿನ ಚಾರ್ಜು.